ದಾಸೋಹಕ್ಕೆ ರೊಟ್ಟಿ ಕೊಡುವ ಸೀಮೆಯಲ್ಲಿ ಸೇವಾ ಸಂಸ್ಥೆಗಳಿಗೇಕೆ ಸಂಬಳದ ದುಡ್ಡಿಲ್ಲ?

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂದರೆ ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ಗುಂಪಾಗಿ ಕೂತು ರೊಟ್ಟಿ ಬಡಿಯುತ್ತಾರೆ. ಮನೆಮನೆಯ ಜೋಳದ ರೊಟ್ಟಿ ಒಟ್ಟಾಗಿ ಟ್ರ್ಯಾಕ್ಟರ್ ಏರಿ ಮಹಾದಾಸೋಹಕ್ಕೆ ಬರುತ್ತದೆ. ಲೆಕ್ಕ ಲಕ್ಷಗಳಲ್ಲಿ. ಜೊತೆಗೆ ಅಕ್ಕಿ, ಬೇಳೆ, ಮಾದಲಿ, ತರಕಾರಿ, ಕಟ್ಟಿಗೆ. ಯಾರೂ ರಸೀದಿ ಕೇಳುವುದಿಲ್ಲ. 2022ರಲ್ಲಿ ಬಡ ಮಕ್ಕಳ ವಿದ್ಯಾರ್ಥಿನಿಲಯ ಕಟ್ಟುವ ವಿಚಾರ ಮಾತಾಡುತ್ತಾ ಮಠದ ಸ್ವಾಮೀಜಿ ಕಣ್ಣೀರು ಹಾಕಿದ್ದರು. ಆಮೇಲೆ ಎಲ್ಲೆಲ್ಲಿಂದಲೋ ನೆರವು ಹರಿದು ಬಂತು. ಕೊಡುವ ಗುಣ ಈ ನೆಲದಲ್ಲಿ ಬತ್ತಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಇದೇ ಸೀಮೆಯಲ್ಲಿ ಗುಳೆ ಹೋದವರ ಮಕ್ಕಳನ್ನು ಶಾಲೆಯಲ್ಲಿ ಉಳಿಸಲು ಒದ್ದಾಡುವ ಸಣ್ಣ ಟ್ರಸ್ಟ್‌ಗಳಿವೆ. ಅಂಗವಿಕಲ ಮಕ್ಕಳಿಗೆ ಮನೆ ಬಾಗಿಲಲ್ಲೇ ಆರೈಕೆ ಕೊಡುವ, ದೇವದಾಸಿ ತಾಯಂದಿರ ಪಿಂಚಣಿಗೆ ಕಚೇರಿ ಸುತ್ತುವ ಗುಂಪುಗಳಿವೆ. ಇಂಥ ಸಂಸ್ಥೆಗಳಲ್ಲಿ ಏಪ್ರಿಲ್ ಬಂದರೆ ಸಂಬಳ ನಿಲ್ಲುವುದು ಮಾಮೂಲಿ ಮಾತಾಗಿದೆ. ಯೋಜನೆ ಮಾರ್ಚ್‌ಗೆ ಮುಗಿಯುತ್ತದೆ. ಮುಂದಿನ ಹಣ ಜುಲೈಗೋ ಆಗಸ್ಟ್‌ಗೋ ಬರುತ್ತದೆ, ಅಥವಾ ಬರುವುದೇ ಇಲ್ಲ. ನಡುವೆ ಕೆಲಸ ಕಲಿತ ಹುಡುಗಿಯೊಬ್ಬಳು ಬಿಟ್ಟು ಹೋಗುತ್ತಾಳೆ. ಅವಳ ಜೊತೆ ಆ ಹಳ್ಳಿಯ ಪರಿಚಯವೂ ಹೋಗುತ್ತದೆ.

ಕೊಪ್ಪಳ, ರಾಯಚೂರು, ಬಳ್ಳಾರಿ, ಈ ಮೂರೂ ದುಡ್ಡಿಲ್ಲದ ಜಿಲ್ಲೆಗಳಲ್ಲ. ಸಂಡೂರಿನಲ್ಲಿ ಅದಿರು, ತೋರಣಗಲ್ಲಿನಲ್ಲಿ ಉಕ್ಕು, ಹಟ್ಟಿಯಲ್ಲಿ ಚಿನ್ನ, ಶಕ್ತಿನಗರದಲ್ಲಿ ವಿದ್ಯುತ್ತು, ಗಿಣಿಗೇರಾ ಸುತ್ತ ಸಾಲು ಕಾರ್ಖಾನೆ. ಗಂಗಾವತಿ, ಸಿಂಧನೂರು ಕಡೆ ಭತ್ತ, ರಾಯಚೂರು ಮಾರುಕಟ್ಟೆಯಲ್ಲಿ ಹತ್ತಿ. ಇಷ್ಟಿದ್ದೂ 2002ರ ನಂಜುಂಡಪ್ಪ ಸಮಿತಿ ವರದಿಯಲ್ಲಿ ದೇವದುರ್ಗ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು 'ಮಹತ್ವಾಕಾಂಕ್ಷೆಯ ಜಿಲ್ಲೆ' ಅನ್ನುವ ಹೆಸರಿನಲ್ಲಿ ಆರಿಸಿದಾಗ ಕರ್ನಾಟಕದಿಂದ ಸೇರಿದ ಎರಡರಲ್ಲಿ ರಾಯಚೂರು ಒಂದು, ಇನ್ನೊಂದು ಯಾದಗಿರಿ. ಸಂಪತ್ತೂ ಇದೆ, ಕೊಡುವ ಕೈಯೂ ಇದೆ, ಬೇಕೆನ್ನುವ ಕೆಲಸವೂ ಇದೆ. ಈ ಮೂರೂ ಒಂದು ಕಡೆ ಸೇರುತ್ತಿಲ್ಲ. ಯಾಕೆ ಅಂತ ನೋಡಬೇಕಾದರೆ ಸಂಸ್ಥೆಗಳಿಗೆ ಹಣ ಯಾವ್ಯಾವ ದಾರಿಯಿಂದ ಬರುತ್ತದೆ, ಪ್ರತಿ ದಾರಿಯೂ ಏನು ಕೇಳುತ್ತದೆ ಅನ್ನುವುದನ್ನು ಬಿಡಿಸಿ ನೋಡಬೇಕು.

ಕಂಪನಿ ಹಣದ ದಾರಿ

ಈಗ ಎಲ್ಲರ ಕಣ್ಣೂ ಸಿಎಸ್‌ಆರ್ ಮೇಲೆ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯಾಗಿ ಕೊಡುವ ಹಣದ ಮೇಲೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಇದರ ಮೂಲ. 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಂಪನಿಯ ನಿವ್ವಳ ಆಸ್ತಿ 500 ಕೋಟಿ ರೂಪಾಯಿ, ಅಥವಾ ವಹಿವಾಟು 1000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದರೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ದೇಶದಲ್ಲಿ 2022-23ರಲ್ಲಿ ಹೀಗೆ ಖರ್ಚಾದದ್ದು ಸುಮಾರು 30 ಸಾವಿರ ಕೋಟಿ ರೂಪಾಯಿ. ಸಣ್ಣ ಮೊತ್ತವಲ್ಲ.

ಕಂಪನಿ ಕೆಲಸ ಮಾಡುವ ಜಾಗಕ್ಕೆ ಮೊದಲ ಆದ್ಯತೆ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ಇದು ಕಟ್ಟುನಿಟ್ಟಿನ ನಿಯಮವಲ್ಲ, ದಾರಿ ತೋರಿಸುವ ಮಾತು ಅಷ್ಟೇ ಎಂದು ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯವೇ ಸ್ಪಷ್ಟನೆ ಕೊಟ್ಟಿದೆ. ಹೀಗಾಗಿ ಗಣಿ ಇರುವುದು ಇಲ್ಲಿ, ಧೂಳು ಬೀಳುವುದು ಇಲ್ಲಿ, ಹಣ ಎಲ್ಲಿಗೆ ಹೋಗಬೇಕು ಅನ್ನುವ ತೀರ್ಮಾನ ಮಾತ್ರ ಮುಂಬೈ, ಬೆಂಗಳೂರು, ದೆಹಲಿಯ ಕಚೇರಿಗಳಲ್ಲಿ. ಅಲ್ಲಿಗೆ ತಲುಪಬೇಕಾದರೆ ಒಳ್ಳೆಯ ಇಂಗ್ಲಿಷಿನಲ್ಲಿ ಪ್ರಸ್ತಾವನೆ ಬರೆಯಬೇಕು, ಅಂಕಿಅಂಶ ಜೋಡಿಸಬೇಕು, ಪರಿಚಯ ಇರಬೇಕು. ಮಾನ್ವಿಯಲ್ಲೋ ಕುಷ್ಟಗಿಯಲ್ಲೋ ಇಪ್ಪತ್ತು ವರ್ಷ ಹಳ್ಳಿ ಸುತ್ತಿದ ಕಾರ್ಯಕರ್ತೆಗೆ ಸಮಸ್ಯೆ ಅಂಗೈ ಗೆರೆಯಷ್ಟು ಗೊತ್ತು. ಆದರೆ ಕಂಪನಿಗೆ ಬೇಕಾದ ಹತ್ತು ಪುಟದ ಕಾಗದ ಅವಳ ಕೈಯಲ್ಲಿ ಆಗುವುದಿಲ್ಲ. ಅದನ್ನು ಚೆನ್ನಾಗಿ ಬರೆಯಬಲ್ಲ ನಗರದ ಸಂಸ್ಥೆಗೆ ಯೋಜನೆ ಸಿಗುತ್ತದೆ. ಆಮೇಲೆ ಅವರು ಅದೇ ಕಾರ್ಯಕರ್ತೆಯನ್ನು ಹುಡುಕಿಕೊಂಡು ಬರುತ್ತಾರೆ, ಊರಿನ ದಾರಿ ತೋರಿಸು ಅಂತ.

ಕಾಗದಪತ್ರದ ಹೊಸ್ತಿಲೂ ಎತ್ತರವಾಗಿದೆ. ಕಂಪನಿಯಿಂದ ಹಣ ಪಡೆಯಲು ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ವಿನಾಯಿತಿ) ನೋಂದಣಿ ಬೇಕು. ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ನೋಂದಣಿಯೂ ಕಡ್ಡಾಯ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಸಂಖ್ಯೆಯನ್ನೂ ಬಹಳ ಕಡೆ ಕೇಳುತ್ತಾರೆ. ನಿಯಮಗಳು ತಪ್ಪು ಅನ್ನುತ್ತಿಲ್ಲ. ಹೆಸರಿಗೆ ಮಾತ್ರ ಇದ್ದ ನಕಲಿ ಸಂಸ್ಥೆಗಳನ್ನು ಜರಡಿ ಹಿಡಿಯಬೇಕಿತ್ತು, ಹಿಡಿದಿದ್ದಾರೆ. ಆದರೆ ಇದಕ್ಕೆಲ್ಲ ಆಡಿಟರ್ ಫೀಸು, ಜಿಲ್ಲಾ ಕೇಂದ್ರಕ್ಕೆ ಓಡಾಟ, ಕಂಪ್ಯೂಟರ್ ಬಲ್ಲ ಒಬ್ಬ ಸಿಬ್ಬಂದಿ ಬೇಕಲ್ವಾ? ಅದರ ಖರ್ಚು ಕೊಡುವವರು ಯಾರೂ ಇಲ್ಲ.

ಇಡೀ ಸಮಸ್ಯೆಯ ಗಂಟು ಇರುವುದೇ ಇಲ್ಲಿ ಅಂತ ನನಗೆ ಅನಿಸುತ್ತದೆ. ಕೊಡುವವರಿಗೆ ವಸ್ತು ಬೇಕು, ಸಂಬಳ ಬೇಡ. ಶಾಲೆಗೆ ಬೆಂಚು, ಮಕ್ಕಳಿಗೆ ಬ್ಯಾಗು, ಗೋಡೆಗೆ ಬಣ್ಣ, ಊರಿಗೆ ಶುದ್ಧ ನೀರಿನ ಘಟಕ. ಇವುಗಳಿಗೆ ಫಲಕ ಹಾಕಬಹುದು, ಟೇಪು ಕತ್ತರಿಸಬಹುದು, ಫೋಟೊ ಕಳಿಸಬಹುದು. ಆದರೆ ಬ್ಯಾಗು ಹೊತ್ತ ಮಗು ದಿನಾ ಶಾಲೆಗೆ ಬರಬೇಕಾದರೆ ಬರದೇ ಹೋದ ದಿನ ಅದರ ಮನೆಗೆ ಹೋಗಿ ಕೇಳುವ ಒಬ್ಬರು ಬೇಕು. ನಮ್ಮ ಭಾಗದಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಹಳ್ಳಿಗಳು ಬಹಳ, ಅದಕ್ಕೇ ನೀರಿನ ಘಟಕಗಳು ಬಂದವು. ಆದರೆ ಫಿಲ್ಟರ್ ಬದಲಿಸುವವರಿಲ್ಲದೆ ಕೆಟ್ಟು ನಿಂತ ಘಟಕವನ್ನು ನೋಡದ ಹಳ್ಳಿಗರು ಇಲ್ಲಿ ಕಡಿಮೆ. ಯಂತ್ರಕ್ಕೆ ಹಣ ಬಂತು, ಯಂತ್ರ ನೋಡಿಕೊಳ್ಳುವ ಮನುಷ್ಯನಿಗೆ ಬರಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯೂ ಸೇರಿಕೊಂಡಿದೆ. ಸಿಎಸ್‌ಆರ್ ನಿಯಮದಲ್ಲಿ ಆಡಳಿತ ವೆಚ್ಚ ಶೇ 5ನ್ನು ಮೀರಬಾರದು ಅಂತಿದೆ. ಆ ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ. ಕೆಲಸ ಮಾಡುವ ಸಂಸ್ಥೆಯ ಖರ್ಚಿಗೆ ಹಾಕಿದ್ದಲ್ಲ. ಆದರೂ ಎಷ್ಟೋ ಒಪ್ಪಂದಗಳಲ್ಲಿ ಅದೇ ಶೇ 5ನ್ನು ಸಂಸ್ಥೆಯ ತಲೆಗೆ ಕಟ್ಟಲಾಗುತ್ತದೆ. ಕಚೇರಿ ಬಾಡಿಗೆ, ಕರೆಂಟು, ಲೆಕ್ಕಪತ್ರ, ಮೇಲ್ವಿಚಾರಣೆ ಎಲ್ಲವೂ ಅದರಲ್ಲೇ ಮುಗಿಯಬೇಕು. ಮುಗಿಯುವುದಿಲ್ಲ. ಆಗ ಸಂಸ್ಥೆ ಒಂದು ಯೋಜನೆಯ ಸಿಬ್ಬಂದಿಯಿಂದ ಇನ್ನೊಂದರ ಕೆಲಸವನ್ನೂ ಮಾಡಿಸುತ್ತದೆ, ಇಲ್ಲವೇ ನಡೆಸುವವರು ಸ್ವಂತ ಜೇಬಿನಿಂದ ಹಾಕುತ್ತಾರೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈ ನಿಯಮ ತೆಗೆದು ತೋರಿಸಿ ಮಾತಾಡುವ ಧೈರ್ಯ ಸಂಸ್ಥೆಗಳಿಗೆ ಬರಬೇಕು.

ಇನ್ನು ಮಾರ್ಚ್ ತಿಂಗಳ ಗಡಿಬಿಡಿ. ಮುಂದುವರಿಯುವ ಯೋಜನೆಯ ಹಣ ಉಳಿದರೆ ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಬೇರೆ ಖಾತೆಗೆ ಹಾಕಬೇಕು, ಮೂರು ವರ್ಷದೊಳಗೆ ಖರ್ಚು ಮಾಡಬೇಕು. ಬೇರೆ ಯೋಜನೆಯ ಹಣ ಉಳಿದರೆ ಆರು ತಿಂಗಳಲ್ಲಿ ಸರ್ಕಾರ ಹೇಳಿದ ನಿಧಿಗೆ ಹೋಗುತ್ತದೆ. ಹೀಗಾಗಿ ಫೆಬ್ರವರಿಯಲ್ಲಿ ಕೆಲವು ಕಂಪನಿಗಳಿಗೆ ಅವಸರ ಹತ್ತುತ್ತದೆ. ನಲವತ್ತು ದಿನದಲ್ಲಿ ಖರ್ಚಾಗುವ ಯೋಜನೆ ಇದ್ದರೆ ಕೊಡಿ ಅನ್ನುತ್ತಾರೆ. ನಲವತ್ತು ದಿನದಲ್ಲಿ ಬ್ಯಾಗು ಹಂಚಬಹುದು. ಬಾಲ್ಯವಿವಾಹ ತಡೆಯಲು ಆಗುವುದಿಲ್ಲ.

ಹಣ ಕೊಟ್ಟವರ ವಿರುದ್ಧ ಮಾತಾಡಬಹುದೇ?

ಇದು ನಮ್ಮ ಮೂರು ಜಿಲ್ಲೆಗಳಿಗೇ ಅಂಟಿಕೊಂಡ ಪ್ರಶ್ನೆ. ಕಂಪನಿ ಹಣದಿಂದ ಶಾಲೆ ನಡೆಸುವ ಸಂಸ್ಥೆ, ಅದೇ ಕಂಪನಿಯ ಹೊಗೆಯಿಂದ ಮಕ್ಕಳಿಗೆ ಕೆಮ್ಮು ಬಂದರೆ ಬಾಯಿ ಬಿಡಬಹುದೇ?

ಬಳ್ಳಾರಿಯ ಇತಿಹಾಸವನ್ನೇ ನೋಡಿ. ಅಕ್ರಮ ಗಣಿಗಾರಿಕೆ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದು ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ. ಧಾರವಾಡದ ಈ ಸಂಸ್ಥೆಯ ಅರ್ಜಿ, ಅದರ ಜೊತೆಗೆ ನಡೆದ ತನಿಖೆಗಳು, 2011ರ ಜುಲೈನಲ್ಲಿ ಬಂದ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ, ಅದೇ ತಿಂಗಳು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಕೋರ್ಟ್ ಆದೇಶ, ಇವೆಲ್ಲ ಈಗ ಎಲ್ಲರಿಗೂ ಗೊತ್ತು. ಇಂಥ ಕೆಲಸ ಗಣಿ ಕಂಪನಿಯ ಸಿಎಸ್‌ಆರ್ ಹಣದಲ್ಲಿ ನಡೆಯುತ್ತಿತ್ತೇ? ಸಾಧ್ಯವೇ ಇಲ್ಲ. 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆದಾಗಲೂ ಅಷ್ಟೇ. ಬೀದಿಗಿಳಿದವರು ಯಾರ ಅನುದಾನವನ್ನೂ ನಂಬಿ ಬಂದವರಾಗಿರಲಿಲ್ಲ.

ಕಂಪನಿ ಹಣ ಮುಟ್ಟಲೇಬಾರದು ಅನ್ನುವ ವಾದ ನನ್ನದಲ್ಲ. ಆ ಹಣದಿಂದ ಕಣ್ಣಿನ ಆಪರೇಷನ್ ಆಗಿವೆ, ಹೆಣ್ಣುಮಕ್ಕಳಿಗೆ ಹೊಲಿಗೆ, ಕಂಪ್ಯೂಟರ್ ಕಲಿಸಲಾಗಿದೆ. ಅದು ಬೇಕು. ಆದರೆ ಪೂರ್ತಿ ಅದರ ಮೇಲೇ ನಿಂತ ಸಂಸ್ಥೆ ತನ್ನ ಊರಿನ ಕೆಲವು ವಿಷಯಗಳನ್ನು ಎತ್ತುವುದನ್ನೇ ಬಿಡುತ್ತದೆ. ಯಾರೂ ಬೆದರಿಸಬೇಕಿಲ್ಲ. ತಾನೇ ಸುಮ್ಮನಾಗುತ್ತದೆ. ನೆಲ, ನೀರು, ಗಾಳಿ, ಕೂಲಿ, ಇವೇ ಮುಖ್ಯ ಪ್ರಶ್ನೆಗಳಾಗಿರುವ ಸೀಮೆಯಲ್ಲಿ ಈ ಮೌನ ಬಹಳ ದುಬಾರಿ.

ಗಣಿಯದ್ದೇ ಇನ್ನೂ ಎರಡು ದೊಡ್ಡ ಹಣದ ಹೊಳೆಗಳಿವೆ. ಒಂದು ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ತಿದ್ದುಪಡಿಯ ನಂತರ ಹಳೆಯ ಗಣಿ ಗುತ್ತಿಗೆಗಳಿಂದ ರಾಜಧನದ ಶೇ 30ರಷ್ಟು, ಹರಾಜಿನ ಗುತ್ತಿಗೆಗಳಿಂದ ಶೇ 10ರಷ್ಟು ಇದಕ್ಕೆ ಬರುತ್ತದೆ. ಇನ್ನೊಂದು, ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟ್ ನಿಗಾದಲ್ಲಿ ಕಟ್ಟಿದ ನಿಧಿ. ಇದರ ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ ರೂಪಾಯಿ. ಎರಡೂ ಸಾರ್ವಜನಿಕ ಹಣ. ಇಲಾಖೆಗಳ ಮೂಲಕ, ಟೆಂಡರ್ ಮೂಲಕ ಖರ್ಚಾಗುತ್ತವೆ. ಸಣ್ಣ ಸಂಸ್ಥೆಗಳ ಕೈಗೆ ಬರುವುದು ಅಪರೂಪ. ಆದರೆ ಪೇಪರಿನಲ್ಲಿ ಸಾವಿರಾರು ಕೋಟಿ ಸುದ್ದಿ ಓದಿದ ಜನಕ್ಕೆ 'ಇಷ್ಟು ದುಡ್ಡು ಇದೆಯಲ್ಲ, ನಾವ್ಯಾಕೆ ಕೊಡಬೇಕು' ಅನಿಸುತ್ತದೆ. ಅನಿಸುವುದು ಸಹಜ.

ಹೊರದೇಶ, ಇಂಟರ್‌ನೆಟ್, ಷೇರುಪೇಟೆ

ಒಂದು ಕಾಲದಲ್ಲಿ ಈ ಭಾಗದ ಸಂಸ್ಥೆಗಳಿಗೆ ವಿದೇಶದ ನೆರವು ದೊಡ್ಡ ಆಸರೆಯಾಗಿತ್ತು. ನೇರವಾಗಿ ಪಡೆಯಲಾಗದ ಸಣ್ಣವರಿಗೆ ಬೆಂಗಳೂರಿನ ದೊಡ್ಡ ಸಂಸ್ಥೆಗಳು ಪಾಲು ಕೊಡುತ್ತಿದ್ದವು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆಯ ಮೇಲೆ ನಿಗಾ ಇಡುವ ಎಫ್‌ಸಿಆರ್‌ಎ ಕಾಯ್ದೆಗೆ ತಿದ್ದುಪಡಿ ಬಂತು. ಒಂದು ಸಂಸ್ಥೆ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್‌ನ ಒಂದೇ ಶಾಖೆಗೆ ಬರಬೇಕು. ಸ್ವಂತ ನೋಂದಣಿ ಬೇಕೆಂದರೆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿದ ಲೆಕ್ಕ ತೋರಿಸಬೇಕು. ಸಣ್ಣವರ ಪಾಲಿಗೆ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು.

ಸೇವಾ ಸಂಸ್ಥೆಗಳು ಷೇರುಪೇಟೆಯ ಮೂಲಕ ಹಣ ಎತ್ತುವ, ಸಾಮಾಜಿಕ ಷೇರು ವಿನಿಮಯ ಕೇಂದ್ರ ಅನ್ನುವ ಹೊಸ ದಾರಿಯೂ ಇದೆ. 2019ರ ಬಜೆಟ್‌ನಲ್ಲಿ ಘೋಷಣೆಯಾಗಿ, 2022ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ನಿಯಮ ಮಾಡಿ, 2023ರ ಡಿಸೆಂಬರ್‌ನಲ್ಲಿ ಮೊದಲ ಸಂಸ್ಥೆ ಅದರಲ್ಲಿ ಸೇರಿತು. ಅದು ಬೆಂಗಳೂರಿನ ಉನ್ನತಿ ಫೌಂಡೇಶನ್. ಇಲ್ಲಿ ನೋಂದಾಯಿಸಲು ವರ್ಷಕ್ಕೆ 50 ಲಕ್ಷ ರೂಪಾಯಿ ಖರ್ಚು ಮಾಡುವ ಸಂಸ್ಥೆಯಾಗಿರಬೇಕು. ಲಿಂಗಸುಗೂರಿನ ಒಂದು ಕೋಣೆಯ ಕಚೇರಿಗೆ ಇದು ಸದ್ಯಕ್ಕೆ ದೂರದ ಮಾತು.

ಇಂಟರ್‌ನೆಟ್‌ನಲ್ಲಿ ಜನರಿಂದ ಹಣ ಎತ್ತುವುದು ಹತ್ತಿರದ ದಾರಿ. ಮಿಲಾಪ್, ಕೆಟ್ಟೊ, ಗಿವ್ ಮುಂತಾದ ವೇದಿಕೆಗಳಿವೆ. ಒಂದು ಮಗುವಿನ ಹೃದಯದ ಆಪರೇಷನ್ ಅಂದರೆ ಹಣ ಬರುತ್ತದೆ. ಒಂದು ಮುಖ, ಒಂದು ಮೊತ್ತ, ಒಂದು ಗಡುವು ಇದೆಯಲ್ಲ. ಹತ್ತಿ ಬೀಜದ ಹೊಲಗಳಿಂದ ಮಕ್ಕಳನ್ನು ಶಾಲೆಗೆ ತರುವ ಐದು ವರ್ಷದ ಕೆಲಸಕ್ಕೆ ಹೀಗೆ ಒಂದು ಮುಖ ಇರುವುದಿಲ್ಲ. ಮುಖ ಬೇಕೆಂಬ ಒತ್ತಡದಲ್ಲಿ ಕೆಲವರು ಮಾಡಬಾರದ್ದನ್ನು ಮಾಡುತ್ತಾರೆ. ಹರಿದ ಅಂಗಿಯ ಮಗುವನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಹೆಸರು, ಊರು ಹಾಕುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರೈಕೆ, ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡುವುದು ಅಪರಾಧ. ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಆಗಬಹುದು. ಕಾಯ್ದೆ ಒತ್ತಟ್ಟಿಗಿರಲಿ. ದೇವದಾಸಿ ತಾಯಿಯ ಮಗಳು ನಾಳೆ ಕಾಲೇಜು ಸೇರಿದಾಗ ಅವಳ ಗೆಳತಿಯರ ಮೊಬೈಲಿನಲ್ಲಿ ಆ ಫೋಟೊ ಬಂದರೆ ಏನಾಗಬೇಡ? ಅಂಥ ಹಣ ಬರದಿದ್ದರೂ ಪರವಾಗಿಲ್ಲ.

ತಾವೇ ದುಡಿದು ನಡೆಸುವ ಸಂಸ್ಥೆಗಳೂ ಇವೆ, ಅವನ್ನು ಮರೆಯಬಾರದು. ಸಂಡೂರು ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳ ಲಂಬಾಣಿ ಕಸೂತಿ ದೂರದೂರಕ್ಕೆ ಮಾರಾಟವಾಗುತ್ತದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಆನೆಗೊಂದಿಯಲ್ಲಿ ಕಿಷ್ಕಿಂಧ ಟ್ರಸ್ಟ್ ಬಾಳೆ ನಾರಿನ ಕರಕುಶಲ ಕಲಿಸಿ ಹೆಂಗಸರಿಗೆ ದುಡಿಮೆ ಕೊಟ್ಟಿದೆ. ಆದರೆ ಎಲ್ಲ ಸೇವೆಯೂ ಮಾರುವ ವಸ್ತುವಾಗುವುದಿಲ್ಲ. ಪಿಂಚಣಿ ಅರ್ಜಿ ಬರೆದುಕೊಡುವವರು ಯಾರಿಗೆ ಏನು ಮಾರಬೇಕು?

ಊರ ದುಡ್ಡು ಯಾಕೆ ಬರುತ್ತಿಲ್ಲ

ಹೊರಗಿನ ದಾರಿಗಳೆಲ್ಲ ಹೀಗಿರುವಾಗ ಉಳಿಯುವುದು ಊರಿನ ಜನ. ಅವರು ಕೊಡುವುದಿಲ್ಲ ಅನ್ನುವವರು ನಮ್ಮ ಗುಡಿಗಳಿಗೆ ಒಮ್ಮೆ ಹೋಗಬೇಕು. ಗೋಡೆಯ ಮೇಲೆ ದಾನಿಗಳ ಹೆಸರು, ಎದುರಿಗೆ ರೂಪಾಯಿ. ಫ್ಯಾನಿನ ರೆಕ್ಕೆ ಮೇಲೂ ಹೆಸರು. ಜಾತ್ರೆ ಬಂದರೆ ಪಟ್ಟಿ ಹಾಕುತ್ತಾರೆ. ಬೆಂಗಳೂರಿಗೆ ದುಡಿಯಲು ಹೋದವರೂ ಫೋನ್‌ಪೇ ಮಾಡುತ್ತಾರೆ. ಶಿಕ್ಷಣಕ್ಕೂ ಹೀಗೆ ಕೊಟ್ಟವರಿದ್ದರು. ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘ ಶುರುವಾದದ್ದು 1916ರಲ್ಲಿ. ಆಗ ಸಿಎಸ್‌ಆರ್ ಇರಲಿಲ್ಲ, ಕೊಡುವ ಜನ ಇದ್ದರು. ರಾಯಚೂರಿನ ಎಲ್‌ವಿಡಿ ಕಾಲೇಜಿನ ಹೆಸರು ಹೇಳುವವರು ಇವತ್ತೂ ಒಂದು ದೇಸಾಯಿ ಮನೆತನದ ಹೆಸರು ಹೇಳುತ್ತಿರುತ್ತಾರೆ.

ಹಾಗಾದರೆ ಇವತ್ತಿನ ಎನ್‌ಜಿಒಗಳಿಗೆ ಯಾಕೆ ಇಲ್ಲ? ಮೊದಲ ಕಾರಣ ನಂಬಿಕೆ. ದಾಸೋಹದಲ್ಲಿ ಕೊಟ್ಟ ಅಕ್ಕಿ ಬೇಯುವುದು ಕಣ್ಣಿಗೆ ಕಾಣುತ್ತದೆ. ಪಂಕ್ತಿಯಲ್ಲಿ ಕೂತು ತಾವೂ ಉಣ್ಣುತ್ತಾರೆ. 2019ರಲ್ಲಿ ಗವಿಮಠದ ಮುಂದಾಳತ್ವದಲ್ಲಿ ಹಿರೇಹಳ್ಳ ಸ್ವಚ್ಛ ಮಾಡಿದಾಗ ಜೆಸಿಬಿ ಓಡುವುದು, ಹೂಳು ಏಳುವುದು ಕಾಣುತ್ತಿತ್ತು. ಸಂಸ್ಥೆಯ ಲೆಕ್ಕ ಕಾಣುವುದಿಲ್ಲ. ಆಡಿಟ್ ವರದಿ ಇಂಗ್ಲಿಷಿನಲ್ಲಿ ಇರುತ್ತದೆ, ದೆಹಲಿಗೆ, ಮುಂಬೈಗೆ ಹೋಗುತ್ತದೆ. ಯಾವ ಹಳ್ಳಿಯ ಹೆಸರಿನಲ್ಲಿ ಹಣ ಬಂತೋ ಆ ಹಳ್ಳಿಯ ಜನ ಅದನ್ನು ಕಂಡೇ ಇರುವುದಿಲ್ಲ. ಇಷ್ಟು ವರ್ಷ ಸಂಸ್ಥೆಗಳು ಲೆಕ್ಕ ಒಪ್ಪಿಸಿದ್ದು ಕೊಟ್ಟವರಿಗೆ. ಕೊಟ್ಟವರು ಹೊರಗಿದ್ದರು. ಹೀಗಾಗಿ ಊರಿನವರಿಗೆ ಇವರು ಯಾರದೋ ದುಡ್ಡಿನಲ್ಲಿ ಜೀಪು ಓಡಿಸುವವರಾಗಿಯೇ ಕಂಡರು. ಈ ತಪ್ಪು ಜನರದ್ದಲ್ಲ.

ಎರಡನೆಯದು, ಕೇಳುವ ರೀತಿ. ಅನಾಥಾಶ್ರಮ ನಡೆಸುವವರನ್ನು ಕೇಳಿ ನೋಡಿ. ಹುಟ್ಟುಹಬ್ಬ, ಮದುವೆ ದಿನ, ಹಿರಿಯರ ಪುಣ್ಯತಿಥಿ ಅಂದರೆ ಜನ ಹೋಳಿಗೆ ಊಟ ಹಾಕಿಸಲು ತಾವಾಗೇ ಬರುತ್ತಾರೆ. ಶ್ರಾವಣದಲ್ಲಿ ಒಂದೇ ದಿನ ಇಬ್ಬರು ಬರುವುದೂ ಉಂಟು. ರಾತ್ರಿ ಮಕ್ಕಳಿಗೆ ಜ್ವರ ಬಂದರೆ ಎದ್ದು ಕೂರುವ ವಾರ್ಡನ್‌ಗೆ ಯಾರೂ ಕೊಡುವುದಿಲ್ಲ. ಯಾಕೆಂದರೆ ಅವರಿಗಾಗಿ ಯಾರೂ ಕೇಳಿಯೇ ಇಲ್ಲ. ಸಂಬಳ ಅಂದರೆ ಸೇವೆಗೆ ಮುಜುಗರ ಅನ್ನುವ ಭಾವನೆ ಸಂಸ್ಥೆಗಳಲ್ಲೂ ಇದೆ. ಸೇವೆ ಮಾಡುವವರಿಗೂ ಮನೆ ಬಾಡಿಗೆ ಇದೆ, ಮಕ್ಕಳ ಫೀಸು ಇದೆ. 'ನಿಮ್ಮ ತಂದೆಯವರ ಹೆಸರಲ್ಲಿ ಒಂದು ತಿಂಗಳ ವಾರ್ಡನ್ ಸಂಬಳ ಕೊಡ್ತೀರಾ?' ಎಂದು ನೇರವಾಗಿ ಕೇಳಿದರೆ ಒಪ್ಪುವವರು ಇರುತ್ತಾರೆ. ಕೇಳಬೇಕು ಅಷ್ಟೇ.

ಮೂರನೆಯದು, ನಗರದ ಪಾಠವನ್ನು ಹಾಗೇ ಇಲ್ಲಿ ಒಪ್ಪಿಸುವುದು. 80ಜಿ ಇದೆ, ತೆರಿಗೆ ಉಳಿಯುತ್ತದೆ ಅನ್ನುವುದೇ ಬಹಳ ಸಂಸ್ಥೆಗಳ ಮೊದಲ ಮಾತು. ಭತ್ತದ ರೈತನ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಅವನಿಗೆ ಇದರಿಂದ ಏನು ಲಾಭ? ಮೇಷ್ಟ್ರು, ಬ್ಯಾಂಕ್ ನೌಕರರ ವಿಷಯಕ್ಕೆ ಬಂದರೆ ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ವಿನಾಯಿತಿ ಇಲ್ಲ, 2023-24ರಿಂದ ಆ ಪದ್ಧತಿಯೇ ಸಹಜ ಆಯ್ಕೆಯಾಗಿದೆ. ಹಳೆಯ ಪದ್ಧತಿಯಲ್ಲಿ ಇದ್ದವರಿಗೂ ಸಿಗುವುದು ಎಷ್ಟು ನೋಡಿ. 10,000 ರೂಪಾಯಿ ಕೊಟ್ಟರೆ ಸಾಮಾನ್ಯವಾಗಿ ಅರ್ಧಕ್ಕೆ ವಿನಾಯಿತಿ. ಶೇ 20ರ ತೆರಿಗೆ ಹಂತದಲ್ಲಿ ಇರುವವರಿಗೆ ಉಳಿಯುವುದು ಸುಮಾರು 1,000. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಅದೂ ಇಲ್ಲ. ಪಾಲುದಾರಿಕೆಯಲ್ಲಿ ನಡೆಯುವ ರೈಸ್‌ಮಿಲ್, ಜಿನ್ನಿಂಗ್ ಮಿಲ್, ದಲಾಲಿ ಅಂಗಡಿಗಳಿಗೆ ಮಾತ್ರ 80ಜಿ ಈಗಲೂ ಕೆಲಸಕ್ಕೆ ಬರುತ್ತದೆ. ಆ ಮಾತು ಅವರ ಹತ್ತಿರ ಹೇಳಿದರೆ ಸಾಕು. ಉಳಿದವರ ಹತ್ತಿರ ಕೆಲಸದ ಮಾತಾಡಬೇಕು.

(2026ರ ಏಪ್ರಿಲ್ 1 ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯ ದಿನ. ಅದರಲ್ಲಿ ಕಲಂಗಳ ಸಂಖ್ಯೆ ಬೇರೆ. ಜನರ ಬಾಯಲ್ಲಿರುವ ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬಳಸಿದ್ದೇನೆ.)

ಗುಪ್ತದಾನದ ವಿಷಯ ಇನ್ನೂ ಸೂಕ್ಷ್ಮ. ಹೆಸರು ಹೇಳದೆ ಕೊಡುವುದು ನಮ್ಮಲ್ಲಿ ದೊಡ್ಡ ಗುಣ. ಆದರೆ ಸೇವಾ ಸಂಸ್ಥೆಗೆ ಹೆಸರು, ವಿಳಾಸ ಇಲ್ಲದೆ ಬಂದ ದಾನ ಒಂದು ಮಿತಿ ದಾಟಿದರೆ ಅದಕ್ಕೆ ಶೇ 30 ತೆರಿಗೆ ಬೀಳುತ್ತದೆ. ಮಿತಿ ಎಂದರೆ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ಪೂರ್ತಿ ಧಾರ್ಮಿಕ ಟ್ರಸ್ಟ್‌ಗಳಿಗೆ ಈ ನಿಯಮ ಇಲ್ಲ. ಗುಡಿಯ ಹುಂಡಿಗೆ ಇರುವ ಸಲೀಸು ಶಾಲೆಯ ಹುಂಡಿಗೆ ಇಲ್ಲ. ಕಿರಾಣಿ ಅಂಗಡಿಯ ಕೌಂಟರ್ ಮೇಲೆ ಕ್ಯೂಆರ್ ಕೋಡ್ ಅಂಟಿಸಿ ಹಣ ಎತ್ತುವ ಸಂಸ್ಥೆಗಳು ಇದನ್ನು ಗಮನಿಸಬೇಕು. ಹಣ ಬರುತ್ತದೆ, ಕೊಟ್ಟವರ ವಿಳಾಸ ಬರುವುದಿಲ್ಲ. ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟು ಹೆಸರು, ಊರು, ಫೋನ್ ನಂಬರ್ ಬರೆಸಿಕೊಳ್ಳುವುದು ಒಳ್ಳೆಯದು. 80ಜಿ ರಸೀದಿ ಬೇಕೆನ್ನುವವರ ಪ್ಯಾನ್ ಸಂಖ್ಯೆಯೂ ಬೇಕು. ಹಳೆಯ ಕಾಯ್ದೆಯಲ್ಲಿ ದಾನಿಗಳ ಪಟ್ಟಿಯನ್ನು ಫಾರ್ಮ್ 10ಬಿಡಿಯಲ್ಲಿ ಮೇ 31ರೊಳಗೆ ಇಲಾಖೆಗೆ ಸಲ್ಲಿಸಬೇಕಿತ್ತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುತ್ತಿತ್ತು. ವರ್ಷವಿಡೀ ಬರೆದಿಟ್ಟವರಿಗೆ ಇದು ಕಷ್ಟದ ಕೆಲಸವಲ್ಲ.

ಮಾಡಬಹುದಾದದ್ದು

ಮೊದಲು ಲೆಕ್ಕ ಊರಿಗೆ ತೋರಿಸಬೇಕು. ಒಂದೇ ಪುಟ, ಕನ್ನಡದಲ್ಲಿ. ಎಷ್ಟು ಬಂತು, ಎಲ್ಲಿಂದ ಬಂತು, ಸಂಬಳಕ್ಕೆ ಎಷ್ಟು, ಓಡಾಟಕ್ಕೆ ಎಷ್ಟು, ಎಷ್ಟು ಉಳಿಯಿತು. ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಬೇಕು, ಶಾಲೆಯ ಅಂಗಳದಲ್ಲಿ ಓದಿ ಹೇಳಬೇಕು. ಪ್ರಶ್ನೆ ಬರುತ್ತವೆ, ಒಮ್ಮೊಮ್ಮೆ ಬಿರುಸಾಗಿಯೇ ಬರುತ್ತವೆ. ಬರಲಿ. ನಿಮ್ಮ ಸಂಬಳ ಎಷ್ಟು ಎಂದು ಕೇಳುವ ರೈತ ನಾಳೆ ದಾನಿಯಾಗುವವನು. ಕೇಳದೇ ಹೋಗುವವನಿಗೆ ನಿಮ್ಮ ಮೇಲೆ ಆಸಕ್ತಿಯೇ ಇಲ್ಲ.

ಆಮೇಲೆ, ಊರಿನ ಕ್ಯಾಲೆಂಡರ್ ನೋಡಿ ಕೇಳಬೇಕು. ಕಂಪನಿಯ ವರ್ಷ ಮಾರ್ಚ್‌ಗೆ ಮುಗಿಯಬಹುದು, ಊರಿನ ಕೈಗೆ ದುಡ್ಡು ಬರುವುದು ಭತ್ತ, ಹತ್ತಿ ಮಾರಿದ ಮೇಲೆ. ಸುಗ್ಗಿಯಲ್ಲಿ ದವಸ ಕೊಟ್ಟರೆ ತೆಗೆದುಕೊಳ್ಳಿ. ವಸ್ತುವಿನ ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲ ನಿಜ, ಆದರೆ ಹಾಸ್ಟೆಲ್‌ನ ಅಕ್ಕಿ ಖರ್ಚು ಉಳಿದರೆ ಆ ಹಣ ಸಂಬಳಕ್ಕೆ ಆಗುತ್ತದೆ. ಬೇಸಿಗೆಯಲ್ಲಿ ಕೇಳಬೇಡಿ. ಮಳೆ ಕೈಕೊಟ್ಟ ವರ್ಷ, ತುಂಗಭದ್ರಾ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಇನ್ನೂ ಕಡಿಮೆ ಕೇಳಬೇಕು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿ ಹೋದಾಗ ಈ ಸೀಮೆಯ ಉಸಿರೇ ನಿಂತಂತಾಗಿತ್ತು. ಅಂಥ ಹೊತ್ತಿನಲ್ಲಿ ಚಂದಾ ಪುಸ್ತಕ ಹಿಡಿದು ಹೋಗುವುದು ಸರಿಯಲ್ಲ. ಅದಕ್ಕಾಗಿಯೇ ಒಳ್ಳೆಯ ವರ್ಷದಲ್ಲಿ ಒಂದಿಷ್ಟು ತೆಗೆದಿಡಬೇಕು. ಬಂದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಿದರೆ ಉಳಿದ ಶೇ 15ನ್ನು ಕೂಡಿಡಲು ತೆರಿಗೆ ಕಾಯ್ದೆ ಬಿಡುತ್ತದೆ. ಬಹಳ ಸಣ್ಣ ಸಂಸ್ಥೆಗಳು ಈ ಅವಕಾಶ ಬಳಸುವುದೇ ಇಲ್ಲ.

ಮೊತ್ತ ಸಣ್ಣದಿರಲಿ, ತಿಂಗಳು ತಿಂಗಳೂ ಬರಲಿ. ಒಂದು ತಾಲ್ಲೂಕಿನಲ್ಲಿ 300 ಮನೆಗಳು ತಿಂಗಳಿಗೆ 100 ರೂಪಾಯಿ ಕೊಟ್ಟವು ಅಂದುಕೊಳ್ಳಿ. ತಿಂಗಳಿಗೆ 30,000 ಆಯಿತು, ವರ್ಷಕ್ಕೆ 3 ಲಕ್ಷ 60 ಸಾವಿರ. ಹಳ್ಳಿ ಮಟ್ಟದ ಇಬ್ಬರು ಕಾರ್ಯಕರ್ತರಿಗೆ ತಲಾ 15,000 ಸಂಬಳ. ಇದರಲ್ಲಿ ಯಾವ ಕಂಪನಿಯ ಷರತ್ತೂ ಇಲ್ಲ, ಮಾರ್ಚ್ ಗಡುವೂ ಇಲ್ಲ. ಈ ಇಬ್ಬರು ಶಾಲೆ ಬಿಟ್ಟ ಮಕ್ಕಳ ಬಗ್ಗೆ ಮಾತಾಡಬಹುದು, ಕಾರ್ಖಾನೆಯ ಹೊಗೆ ಬಗ್ಗೆಯೂ ಮಾತಾಡಬಹುದು. 300 ಮನೆ ಒಂದೇ ಸಲ ಸಿಗುವುದಿಲ್ಲ. ಮೊದಲು 30 ಸಿಗುತ್ತವೆ. ಆ 30 ಮನೆಗಳಿಗೆ ತಪ್ಪದೆ ಲೆಕ್ಕ ಒಪ್ಪಿಸಿದರೆ ಅವರೇ ಇನ್ನಷ್ಟು ಜನರನ್ನು ಕರೆತರುತ್ತಾರೆ. ಸಂಘಗಳಲ್ಲಿ ವಾರ ವಾರ ಉಳಿತಾಯ ಕಟ್ಟಿ, ಪುಸ್ತಕ ಬರೆದು, ಲೆಕ್ಕ ಒಪ್ಪಿಸುವುದನ್ನು ನಮ್ಮ ಹೆಣ್ಣುಮಕ್ಕಳು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಮಾಡುತ್ತಾ ಬಂದಿದ್ದಾರೆ. ಈ ಕೆಲಸ ಅವರ ಕೈಗೆ ಕೊಟ್ಟರೆ ಹೇಳಿಕೊಡಬೇಕಾದ್ದು ಹೆಚ್ಚೇನಿಲ್ಲ.

ಇಲ್ಲಿ ಕಂಪನಿಗಳೂ ಕೈ ಜೋಡಿಸಬಹುದು. ತಾವೇ ಯೋಜನೆ ಬರೆದು ಊರಿಗೆ ಇಳಿಸುವ ಬದಲು, ಊರಿನ ಜನ ಯಾವ ಸಂಸ್ಥೆಗೆ ಎಷ್ಟು ಕೊಟ್ಟರೋ ಅಷ್ಟನ್ನೇ ತಾವೂ ಸೇರಿಸುತ್ತೇವೆ ಅನ್ನಬಹುದು. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿರುವ ಶಿಕ್ಷಣ, ಆರೋಗ್ಯದಂಥ ಕೆಲಸವಾಗಿದ್ದರೆ, ಸಂಸ್ಥೆಗೆ ಸಿಎಸ್‌ಆರ್-1 ಇದ್ದರೆ, ಅದನ್ನು ಒಂದು ಯೋಜನೆಯಾಗಿ ಕೊಡಬಹುದು. ಯಾವ ಸಂಸ್ಥೆ ನಂಬಿಕೆಗೆ ತಕ್ಕದ್ದು ಅನ್ನುವ ಪರೀಕ್ಷೆಯನ್ನು ಆಗ ಊರೇ ಮಾಡಿರುತ್ತದೆ. ದೂರದ ಕಚೇರಿಯಲ್ಲಿ ಹತ್ತು ಪುಟದ ಪ್ರಸ್ತಾವನೆ ಓದುವುದಕ್ಕಿಂತ ಇದು ಗಟ್ಟಿ ಪರೀಕ್ಷೆ. 3 ಲಕ್ಷ 60 ಸಾವಿರ 7 ಲಕ್ಷ 20 ಸಾವಿರ ಆಗುತ್ತದೆ. ಇನ್ನೊಬ್ಬ ಕಾರ್ಯಕರ್ತೆ, ಲೆಕ್ಕ ಬರೆಯುವ ಒಬ್ಬರು, ಆಡಿಟರ್ ಫೀಸು, ಬಸ್ ಚಾರ್ಜು ಎಲ್ಲ ಅದರಲ್ಲಿ ಮುಗಿಯುತ್ತದೆ. ಕಂಪನಿ ಮುಂದಿನ ವರ್ಷ ಕೈಬಿಟ್ಟರೂ ಮೊದಲ ಇಬ್ಬರ ಏಪ್ರಿಲ್ ಸಂಬಳ ನಿಲ್ಲುವುದಿಲ್ಲ.